ಹತ್ತು ಅಂಕದ ಮನೆ

ಪ್ರಶ್ನೆ: ಮೇಡಂ, ನಾವು ಗರುಡಾಚಾರ್‌ಪಾಳ್ಯದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ನನ್ನ ಊರು ಮುಳಬಾಗಿಲು ಕಡೆ. ಎಸ್ಸೆಸ್ಸೆಲ್ಸಿ ಪಾಸ್ ಮಾಡಿ ಬೆಂಗಳೂರಿಗೆ ಬಂದವನು ಮಹದೇವಪುರದ ಒಂದು ಫ್ಯಾಕ್ಟರಿಯಲ್ಲಿ ಹೆಲ್ಪರ್ ಆಗಿ ಸೇರಿ, ಲೇತ್ ಕಲಿತು, ಟರ್ನರ್ ಆದೆ. ಮದುವೆ, ಮಗಳು, ಎಲ್ಲ ಆ ಕೆಲಸದ ಮೇಲೆಯೇ. ಆಮೇಲೆ ಫ್ಯಾಕ್ಟರಿ ಮುಚ್ಚಿತು. ಈ ವಯಸ್ಸಿಗೆ ಬೇರೆಲ್ಲೂ ಪರ್ಮನೆಂಟ್ ಕೆಲಸ ಸಿಗಲಿಲ್ಲ. ಈಗ ಮೆಟ್ರೋ ಸ್ಟೇಷನ್ ಪಕ್ಕದ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯೂರಿಟಿ. ಹೆಂಡತಿ ಗಾರ್ಮೆಂಟ್ಸ್‌ನಲ್ಲಿ ಟೈಲರ್.

ಮಗಳು ಬಿಎಸ್ಸಿ ನರ್ಸಿಂಗ್ ಓದುತ್ತಿದ್ದಾಳೆ. ಮನೆಮನೆಗೆ ಹೋಗಿ ಸರ್ವೆ ಮಾಡುವ ಕೆಲಸ ಕಾಲೇಜಿನಲ್ಲಿ ಕೊಟ್ಟಿದ್ದರಂತೆ. ಒಂದು ದಿನ ಅವಳ ರೆಕಾರ್ಡ್ ಬುಕ್ ಎತ್ತಿಡುವಾಗ ಕೊನೆಯ ಪುಟ ಕಣ್ಣಿಗೆ ಬಿತ್ತು. ಪೆನ್ಸಿಲಿನಲ್ಲಿ 4 + 2 + 4 = 10 ಅಂತ ಬರೆದು, ಪಕ್ಕದಲ್ಲಿ ‘ಅಪ್ಪರ್ ಲೋಯರ್’ ಅಂತ ಬರೆದಿದ್ದಳು. ಮೇಲೆ ನಮ್ಮ ಮನೆ ಅಂತ ಇತ್ತು. ಕುಪ್ಪುಸ್ವಾಮಿ ಸ್ಕೇಲ್ ಅಂತಲೂ ಇತ್ತು. ಅದೇನೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಆದರೆ ಅಲ್ಲಿಂದೀಚೆಗೆ ಅವಳು ಬದಲಾಗಿದ್ದಾಳೆ. ಗೆಳತಿಯರನ್ನು ಮನೆಗೆ ಕರೆತರುವುದಿಲ್ಲ. ಅವರ ಜೊತೆ ಮೆಟ್ರೋದಲ್ಲಿ ಬಂದರೆ ಒಂದು ಸ್ಟೇಷನ್ ಮೊದಲೇ, ಸಿಂಗಯ್ಯನಪಾಳ್ಯದಲ್ಲೇ ಇಳಿದು ನಡೆದು ಬರುತ್ತಾಳೆ. ನಮ್ಮ ಸ್ಟೇಷನ್ನಿನಲ್ಲಿ ಇಳಿದರೆ ನನ್ನ ಗೇಟು ದಾರಿಯಲ್ಲಿ ಸಿಗುತ್ತದೆ ಅಂತ ಇರಬೇಕು. ಅಪ್ಪ ಕಂಪನಿಯಲ್ಲಿದ್ದಾರೆ ಅಂತ ಫೋನಿನಲ್ಲಿ ಹೇಳುತ್ತಿದ್ದುದು ಕೇಳಿಸಿತು. ಕಾಲೇಜಿನಲ್ಲಿ ಪೇರೆಂಟ್ಸ್ ಮೀಟಿಂಗ್ ಇದ್ದಾಗ, ಅಮ್ಮ ಬಂದರೆ ಸಾಕು ಅಂದಳು. ನಾನೂ ಡ್ಯೂಟಿ ಇದೆ ಅಂದೆ. ಇರಲಿಲ್ಲ.

ಮಗಳನ್ನು ಕೂರಿಸಿ ಬೈಯಲೇ? ಕಂಡರೂ ಕಾಣದವನಂತೆ ಇರಲೇ? ಆ ಲೆಕ್ಕ ಕಂಡುಹಿಡಿದವರು ಯಾರು ಮೇಡಂ, ನಮ್ಮಂಥವರ ಮನೆಗೆ ಅಂಕ ಹಾಕಲು ಅವರಿಗೇನು ಹಕ್ಕು?

– ಒಬ್ಬ ತಂದೆ, ಗರುಡಾಚಾರ್‌ಪಾಳ್ಯ

ಉತ್ತರ: ನಿಮ್ಮ ಪತ್ರದ ಕೊನೆಯ ಪ್ರಶ್ನೆಯನ್ನು ನೀವು ಕೋಪದಲ್ಲಿ ಕೇಳಿದ್ದೀರಿ. ಅದಕ್ಕೇ ಮೊದಲು ಉತ್ತರ ಕೊಡುತ್ತೇನೆ. ಆ ಲೆಕ್ಕ ಯಾರದು, ಯಾಕೆ ಬಂತು, ಅದು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದು ಗೊತ್ತಾದರೆ ಮಗಳ ಜೊತೆ ಮಾತಾಡಲು ದಾರಿ ಸಿಗುತ್ತದೆ.

ಬಿ. ಕುಪ್ಪುಸ್ವಾಮಿ ನಮ್ಮ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಮೈಸೂರಿನ ಮನಃಶಾಸ್ತ್ರ ವಿಭಾಗ ದೇಶದ ಹಳೆಯ ವಿಭಾಗಗಳಲ್ಲಿ ಒಂದು. 1924ರಲ್ಲಿ ಮಹಾರಾಜ ಕಾಲೇಜಿನಲ್ಲಿ ಅದನ್ನು ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಕಲಿತು ಬಂದ ಈ ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ರೇಡಿಯೋ ಪ್ರಸಾರ ಶುರುಮಾಡಿ ಅದಕ್ಕೆ ‘ಆಕಾಶವಾಣಿ’ ಎಂದು ಹೆಸರಿಟ್ಟರು. ಮನಸ್ಸನ್ನು ಓದುವವರು ಪ್ರಯೋಗಶಾಲೆಯ ಬಾಗಿಲು ಹಾಕಿಕೊಂಡು ಕೂರಬಾರದು, ಊರಿನ ಜನರ ಬದುಕಿಗೆ ಇಳಿಯಬೇಕು ಎಂಬ ನಂಬಿಕೆ ಆ ವಿಭಾಗದ ನೆಲದಲ್ಲೇ ಇತ್ತು.

ಕುಪ್ಪುಸ್ವಾಮಿಯವರು ಆರಿಸಿಕೊಂಡದ್ದು ಸಾಮಾಜಿಕ ಮನಃಶಾಸ್ತ್ರ. ಒಬ್ಬ ಮನುಷ್ಯ ಏನು ಯೋಚಿಸುತ್ತಾನೆ, ಯಾರನ್ನು ಹತ್ತಿರ ಸೇರಿಸುತ್ತಾನೆ, ಯಾರ ಮುಂದೆ ತಲೆ ತಗ್ಗಿಸುತ್ತಾನೆ ಎಂಬುದೆಲ್ಲ ಅವನೊಬ್ಬನ ತಲೆಯೊಳಗೆ ಹುಟ್ಟುವುದಲ್ಲ. ಸುತ್ತಲಿನ ಸಮಾಜ ಅದನ್ನು ರೂಪಿಸುತ್ತದೆ. ಇದನ್ನು ಹುಡುಕುವ ವಿದ್ಯೆ ಅದು. ಸ್ವಾತಂತ್ರ್ಯ ಬಂದು ಹತ್ತು ವರ್ಷವೂ ಆಗದ ಕಾಲದಲ್ಲಿ ಅವರು ದಕ್ಷಿಣ ಭಾರತದ ಜನ ಜಾತಿಪದ್ಧತಿಯ ಬಗ್ಗೆ ಏನು ಭಾವಿಸುತ್ತಾರೆ ಎಂದು ಅಂಕಿಅಂಶ ಹಿಡಿದು ಅಧ್ಯಯನ ಮಾಡಿದರು. 1961ರಲ್ಲಿ ಅವರ ಸಾಮಾಜಿಕ ಮನಃಶಾಸ್ತ್ರದ ಪರಿಚಯ ಗ್ರಂಥ ಪ್ರಕಟವಾಯಿತು. ವಿದೇಶಿ ಪುಸ್ತಕಗಳಲ್ಲಿ ವಿದೇಶಿ ಉದಾಹರಣೆಗಳನ್ನೇ ಓದುತ್ತಿದ್ದ ನಮ್ಮ ವಿದ್ಯಾರ್ಥಿಗಳಿಗೆ ಈ ವಿದ್ಯೆಯನ್ನು ಪಠ್ಯವಾಗಿ ಬರೆದುಕೊಟ್ಟ ಮೊದಲಿಗರಲ್ಲಿ ಅವರೊಬ್ಬರು. ಭಾರತದ ಸಾಮಾಜಿಕ ಬದಲಾವಣೆಯ ಬಗ್ಗೆ, ಧರ್ಮ ಮತ್ತು ಸಮಾಜದ ಬಗ್ಗೆ, ಪ್ರಾಚೀನ ಭಾರತದ ಮನಃಶಾಸ್ತ್ರದ ಬಗ್ಗೆಯೂ ಪುಸ್ತಕಗಳನ್ನು ಬರೆದರು. ಆದರೆ ಇಂದು ಅವರ ಹೆಸರನ್ನು ಉಳಿಸಿರುವುದು ಆ ಪುಸ್ತಕಗಳಿಗಿಂತ ಹೆಚ್ಚಾಗಿ ನಿಮ್ಮ ಮಗಳ ರೆಕಾರ್ಡಿನಲ್ಲಿದ್ದ ಆ ಒಂದು ಪುಟದ ಪಟ್ಟಿ. ವೈದ್ಯಕೀಯ ಪಠ್ಯಗಳಲ್ಲಿ ಅದು 1976ರ ಕುಪ್ಪುಸ್ವಾಮಿ ಸ್ಕೇಲ್ ಎಂದೇ ಹೆಸರಾಗಿದೆ. ನಗರದ ಕುಟುಂಬಗಳ ಬಗ್ಗೆ ನಮ್ಮ ದೇಶದ ವೈದ್ಯ ಮತ್ತು ನರ್ಸಿಂಗ್ ವಿದ್ಯಾರ್ಥಿಗಳು ಬರೆಯುವ ಪ್ರಬಂಧಗಳಲ್ಲಿ ಅದು ಕಾಣಿಸಿಕೊಳ್ಳದ ವರ್ಷವೇ ಇಲ್ಲ.

ಅದರೊಳಗೆ ಮೂರೇ ಮೂರು ಕಾಲಂ ಇವೆ. ಮನೆಯ ಯಜಮಾನರ ಓದು ಎಷ್ಟು, ಅವರ ಕೆಲಸ ಯಾವುದು, ಇಡೀ ಕುಟುಂಬದ ತಿಂಗಳ ಆದಾಯ ಎಷ್ಟು. ಓದಿಗೆ 1ರಿಂದ 7, ಕೆಲಸಕ್ಕೆ 1ರಿಂದ 10, ಆದಾಯಕ್ಕೆ 1ರಿಂದ 12 ಅಂಕ. ಮೂರನ್ನೂ ಕೂಡಿದರೆ ಕನಿಷ್ಠ 3, ಗರಿಷ್ಠ 29. ಆ ಮೊತ್ತವನ್ನು ಐದು ಭಾಗ ಮಾಡಿದ್ದಾರೆ: 26ರಿಂದ 29 ಮೊದಲನೆಯದು, 16ರಿಂದ 25 ಎರಡನೆಯದು, 11ರಿಂದ 15 ಮೂರನೆಯದು, 5ರಿಂದ 10 ನಾಲ್ಕನೆಯದು, 5ಕ್ಕಿಂತ ಕಡಿಮೆ ಐದನೆಯದು. ಅದರ ಪ್ರಕಾರ ನಿಮ್ಮ ಮನೆ ನಾಲ್ಕನೆಯದು, ಮಗಳು ಬರೆದ ‘ಅಪ್ಪರ್ ಲೋಯರ್’ ಅದರ ಹೆಸರು.

ಈಗ ನಿಮ್ಮ ಮಗಳು ಬರೆದ ಲೆಕ್ಕವನ್ನು ಒಮ್ಮೆ ಹತ್ತಿರದಿಂದ ನೋಡೋಣ. ಮೊದಲ 4, ನಿಮ್ಮ ಎಸ್ಸೆಸ್ಸೆಲ್ಸಿಗೆ. ಕೊನೆಯ 4, ನೀವಿಬ್ಬರೂ ಸೇರಿ ತರುವ ಸಂಬಳಕ್ಕೆ. ನಡುವಿನ 2, ಸೆಕ್ಯೂರಿಟಿ ಕೆಲಸಕ್ಕೆ. ನೀವು ಟರ್ನರ್ ಆಗಿದ್ದಾಗ ಯಾರಾದರೂ ಬಂದು ಇದೇ ಲೆಕ್ಕ ಹಾಕಿದ್ದರೆ ಆ ಕಾಲಂನಲ್ಲಿ ನುರಿತ ಕೆಲಸಗಾರರಿಗೆ ಇರುವ 4 ಬೀಳುತ್ತಿತ್ತು. ಆದಾಯದ ಅಂಕ ಇಷ್ಟೇ ಇದ್ದಿದ್ದರೂ ಮೊತ್ತ 12. ಮನೆ ಮೂರನೆಯ ಭಾಗದಲ್ಲಿ. ಅದೇ ನೀವು, ಅದೇ ಕೈ, ಅದೇ ಹೆಂಡತಿ, ಅದೇ ಬಾಡಿಗೆ ಮನೆ. ನಡುವೆ ಆದದ್ದು ಇಷ್ಟೇ: ಒಂದು ಫ್ಯಾಕ್ಟರಿ ಬಾಗಿಲು ಹಾಕಿತು, ಎರಡು ಅಂಕ ಹೋಯಿತು. ಆ ಎರಡು ಅಂಕ ನಿಮ್ಮ ಮೇಲೆ ಬಂದ ಪೆಟ್ಟಿನ ಗುರುತು. ನಿಮ್ಮ ಯೋಗ್ಯತೆ ಅದರಲ್ಲಿ ಎಲ್ಲಿಯೂ ಇಲ್ಲ.

ನಿಮ್ಮ ಬೀದಿಯಲ್ಲೇ ಇನ್ನೆರಡು ಮನೆ ಊಹಿಸಿಕೊಳ್ಳಿ. ಒಂದು, ಇಲ್ಲಿ ಹೊಲ ಇದ್ದ ಕಾಲದಿಂದಲೂ ಇರುವ ಹಳೆಯ ಕುಟುಂಬ. ಯಜಮಾನರ ಓದು ಏಳನೇ ಕ್ಲಾಸು, 3 ಅಂಕ. ಕೆಳಗೆ ಪ್ರಾವಿಷನ್ ಸ್ಟೋರ್, 5 ಅಂಕ. ಮೇಲಿನ ಮಹಡಿಗಳ ಬಾಡಿಗೆ ಸೇರಿ ಆದಾಯಕ್ಕೆ 12. ಒಟ್ಟು 20. ಇನ್ನೊಂದು, ಐಟಿಪಿಎಲ್ ಕಡೆ ಕೆಲಸಕ್ಕೆ ಹೋಗುವ ಇಂಜಿನಿಯರ್ ದಂಪತಿಗಳ ಮನೆ. ಅವರಿಗೆ 29ರ ಹತ್ತಿರ ಬರುತ್ತದೆ. ಸಂಕಷ್ಟಿಗೆ ಮೂರೂ ಮನೆಯವರು ಒಂದೇ ಗುಡಿಯಲ್ಲಿ ನಿಲ್ಲುತ್ತಾರೆ, ಒಂದೇ ಅಂಗಡಿಯಲ್ಲಿ ಹಾಲು ತಗೊಳ್ಳುತ್ತಾರೆ. 2007ರಲ್ಲಿ ಮಹದೇವಪುರ ಬಿಬಿಎಂಪಿಗೆ ಸೇರಿತು, 2023ರಲ್ಲಿ ಮೆಟ್ರೋ ಬಂತು. ಊರಿನ ವೇಗ ಹೆಚ್ಚಿದಷ್ಟೂ ಈ ಅಂಕಗಳ ಅಂತರ ಒಂದೇ ಬೀದಿಯಲ್ಲಿ ಕಣ್ಣಿಗೆ ಹೊಡೆಯುವಂತಾಯಿತು. ನಿಮ್ಮ ಮಗಳು ಬೆಳೆದದ್ದು ಅಂಥ ಬೀದಿಯಲ್ಲಿ.

ಈ ಸ್ಕೇಲ್ ಏನನ್ನು ಬಿಟ್ಟಿದೆ ಎಂಬುದನ್ನೂ ನೋಡಿ. ಯಜಮಾನರ ಓದು, ಯಜಮಾನರ ಕೆಲಸ ಅಷ್ಟನ್ನೇ ಕೇಳುತ್ತದೆ. ನಿಮ್ಮ ಹೆಂಡತಿ ಮೆಷಿನ್ ಮೇಲೆ ಬಗ್ಗಿ ದುಡಿದ ಸಂಬಳ ಆದಾಯದ ಕಾಲಂನಲ್ಲಿ ಸೇರುತ್ತದೆ, ಆದರೆ ಅವರ ಕೈಚಳಕಕ್ಕೆ, ಅವರ ಓದಿಗೆ ಒಂದು ಅಂಕವೂ ಇಲ್ಲ. ಮಗಳು ಬಿಎಸ್ಸಿ ಮುಗಿಸಿದರೂ ನಿಮ್ಮ ಮನೆಯ ಓದಿನ ಅಂಕ 4 ಆಗಿಯೇ ಉಳಿಯುತ್ತದೆ. ಪದವಿಗೆ 6 ಇದೆ ನಿಜ, ಅದು ಅವಳೇ ಯಜಮಾನಿಯಾದ ಮನೆಗೆ. ಸಾಲ ಎಷ್ಟಿದೆ, ಆ ಸಂಬಳದಲ್ಲಿ ಎಷ್ಟು ಜನ ಊಟ ಮಾಡಬೇಕು, ಮನೆ ಸ್ವಂತದ್ದೋ ಬಾಡಿಗೆಯದೋ ಎಂದೂ ಕೇಳುವುದಿಲ್ಲ. ಪರಿಣತರೇ ಇವನ್ನೆಲ್ಲ ಕೊರತೆಗಳೆಂದು ಎತ್ತಿ ತೋರಿಸಿದ್ದಾರೆ. 1961ರ ಬಿ. ಜಿ. ಪ್ರಸಾದ್ ಸ್ಕೇಲ್ ತಲಾ ಆದಾಯವನ್ನು ನೋಡುತ್ತದೆ. ಹಳ್ಳಿಗಳಿಗಾಗಿ 1964ರಲ್ಲಿ ಉದಯ್ ಪಾರೀಕ್ ಮಾಡಿದ ಸ್ಕೇಲ್ ಜಮೀನು, ಮನೆ, ಜಾತಿ ಎಲ್ಲವನ್ನೂ ಕೇಳುತ್ತದೆ. ಆದಾಯದ ಕಾಲಂ ಅಂತೂ ನಿಂತಲ್ಲಿ ನಿಲ್ಲುವುದಿಲ್ಲ. 1976ರ ಪಟ್ಟಿಯಲ್ಲಿ ತಿಂಗಳಿಗೆ 2,000 ರೂಪಾಯಿ ಬಂದರೆ ಪೂರ್ತಿ 12 ಅಂಕ ಸಿಗುತ್ತಿತ್ತು! ಬೆಲೆ ಸೂಚ್ಯಂಕ ಏರಿದ ಹಾಗೆಲ್ಲ ಆ ಮೊತ್ತಗಳನ್ನು ತಿದ್ದುತ್ತಲೇ ಇರಬೇಕು. ಇಷ್ಟು ತಿದ್ದಿಸಿಕೊಳ್ಳುವ ಅಳತೆಯನ್ನು ಮನುಷ್ಯನ ಹಣೆಬರಹ ಎಂದು ಯಾರೂ ತಿಳಿಯಬೇಕಾಗಿಲ್ಲ.

ಇಷ್ಟೆಲ್ಲ ಕೊರತೆ ಇದ್ದರೂ ಅದು ಯಾಕೆ ಬೇಕು? ಜಾತಿಯ ಮನೋಭಾವವನ್ನು ಅಧ್ಯಯನ ಮಾಡಿದ ಕುಪ್ಪುಸ್ವಾಮಿಯವರ ಈ ಪಟ್ಟಿಯಲ್ಲಿ ಜಾತಿಯ ಕಾಲಂ ಇಲ್ಲ ಎಂಬುದನ್ನು ಗಮನಿಸಿ. ಹುಟ್ಟಿನಿಂದ ಬಂದದ್ದನ್ನು ಬಿಟ್ಟು, ಬದಲಾಗಬಲ್ಲ ಮೂರು ಸಂಗತಿಗಳನ್ನು ಅದು ಕೇಳುತ್ತದೆ. ಈ ಅಂಕ ಕೈಯಲ್ಲಿದ್ದರೆ, ರಕ್ತಹೀನತೆ ಯಾವ ಮನೆಗಳಲ್ಲಿ ಹೆಚ್ಚು, ಸಕ್ಕರೆ ಕಾಯಿಲೆಯ ಮಾತ್ರೆ ಯಾರು ಅರ್ಧಕ್ಕೇ ನಿಲ್ಲಿಸುತ್ತಾರೆ, ಯಾವ ಮಕ್ಕಳ ತೂಕ ಏರುತ್ತಿಲ್ಲ ಎಂದು ವೈದ್ಯರು ಪತ್ತೆ ಮಾಡಬಹುದು. ಬ್ರಿಟನ್ನಿನಲ್ಲಿ 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನ ಸುಮಾರು 18,000 ಸರ್ಕಾರಿ ನೌಕರರನ್ನು ವರ್ಷಗಟ್ಟಲೆ ಗಮನಿಸಿತು. ಅವರಲ್ಲಿ ಯಾರೂ ಹಸಿದವರಲ್ಲ, ಎಲ್ಲರಿಗೂ ತಿಂಗಳ ಸಂಬಳ ಇತ್ತು. ಆದರೂ ಹುದ್ದೆ ಕೆಳಗಿಳಿದಂತೆ ಹೃದಯದ ಕಾಯಿಲೆಯಿಂದ ಸಾಯುವ ಪ್ರಮಾಣ ಏರುತ್ತಾ ಹೋಗಿತ್ತು. ಸಮಾಜದಲ್ಲಿ ನಾವು ನಿಂತಿರುವ ಮೆಟ್ಟಿಲು ನಮ್ಮ ಮೈಯೊಳಗೂ ಇಳಿಯುತ್ತದೆ. ಅದನ್ನು ಅಳೆಯದೆ ಬಿಟ್ಟರೆ ಕಷ್ಟದಲ್ಲಿರುವ ಮನೆ ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ನಿಮ್ಮ ಮಗಳಿಗೆ ಅರ್ಥವಾಗುವ ಮಾತಿನಲ್ಲಿ ಹೇಳುವುದಾದರೆ ಇದು ಬಿ.ಪಿ. ನೋಡಿದ ಹಾಗೆ. ಕೈಗೆ ಪಟ್ಟಿ ಸುತ್ತಿ 160 ಬಂದರೆ ರೋಗಿ ಕೆಟ್ಟವನು ಎಂದು ಯಾವ ನರ್ಸೂ ಬರೆಯುವುದಿಲ್ಲ. ಇವರಿಗೆ ಆರೈಕೆ ಬೇಕು ಎಂದು ಬರೆಯುತ್ತಾರೆ. ನಾಲ್ಕನೆಯ ವರ್ಗ ಎಂದು ಬರೆದ ಮನೆಗೂ ಅರ್ಥ ಅಷ್ಟೇ: ಈ ಮನೆಗೆ ಸಮಾಜದಿಂದ, ಸರ್ಕಾರದಿಂದ, ಆಸ್ಪತ್ರೆಯಿಂದ ಬರಬೇಕಾದದ್ದು ಇನ್ನೂ ಬಾಕಿ ಇದೆ. ನಿಮ್ಮ ಮನೆಗೆ ಅಂಕ ಹಾಕುವ ಹಕ್ಕು ಅವರಿಗೇನು ಎಂದು ಕೇಳಿದಿರಿ. ಆ ಬಾಕಿಯನ್ನು ಕೇಳುವವರಿಗೆ ಮಾತ್ರ ಆ ಹಕ್ಕು ಇದೆ. ನಿಮ್ಮನ್ನು ಕೀಳಾಗಿ ನೋಡಲು ಆ ಅಂಕ ಬಳಸುವವರಿಗೆ ಇಲ್ಲ.

ಇನ್ನು ಮಗಳ ವಿಷಯ.

ಅವಳು ನಿಮ್ಮನ್ನು ಪ್ರೀತಿಸುವುದಿಲ್ಲ ಎಂದು ದಯವಿಟ್ಟು ತೀರ್ಮಾನಿಸಬೇಡಿ. ಅವಳಿಗೆ ಆಗಿರುವುದಕ್ಕೂ ಸಾಮಾಜಿಕ ಮನಃಶಾಸ್ತ್ರದಲ್ಲಿ ಉತ್ತರ ಇದೆ. ಲಿಯಾನ್ ಫೆಸ್ಟಿಂಗರ್ ಎಂಬ ಅಮೆರಿಕದ ವಿದ್ವಾಂಸರು 1954ರಲ್ಲಿ ಸಾಮಾಜಿಕ ಹೋಲಿಕೆಯ ಸಿದ್ಧಾಂತ ಮಂಡಿಸಿದರು. ನಾನು ಎಷ್ಟರವನು ಎಂದು ಅಳೆಯಲು ಬೇರೆ ದಾರಿ ಇಲ್ಲದಾಗ ಮನುಷ್ಯ ಪಕ್ಕದವರನ್ನು ನೋಡುತ್ತಾನೆ, ಅದರಲ್ಲೂ ತನ್ನಂತೆಯೇ ಇರುವವರನ್ನು ನೋಡುತ್ತಾನೆ ಎಂದರು. ನಿಮ್ಮ ಮಗಳು ದೊಡ್ಡ ಉದ್ಯಮಿಯ ಮಗಳ ಜೊತೆ ಹೋಲಿಸಿಕೊಳ್ಳುವುದಿಲ್ಲ. ಅದೇ ಯೂನಿಫಾರ್ಮ್ ಹಾಕಿ ಅದೇ ಬೆಂಚಿನಲ್ಲಿ ಕೂರುವ ಗೆಳತಿಯ ಜೊತೆ ಹೋಲಿಸಿಕೊಳ್ಳುತ್ತಾಳೆ. ಹತ್ತಿರದ ಹೋಲಿಕೆ ಹೆಚ್ಚು ಚುಚ್ಚುತ್ತದೆ. ಎರಡನೇ ಮಹಾಯುದ್ಧದ ಕಾಲದ ಅಮೆರಿಕದ ಸೈನಿಕರ ಬಗ್ಗೆ ಸ್ಯಾಮ್ಯುಯೆಲ್ ಸ್ಟೌಫರ್ ತಂಡ 1949ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿತ್ತು. ಬಡ್ತಿ ಬೇಗ ಬೇಗ ಸಿಗುತ್ತಿದ್ದ ವಾಯುದಳದವರಿಗೆ ಬಡ್ತಿಯ ಬಗ್ಗೆ ಅಸಮಾಧಾನ ಹೆಚ್ಚು. ಅಪರೂಪಕ್ಕೆ ಸಿಗುತ್ತಿದ್ದ ಮಿಲಿಟರಿ ಪೊಲೀಸರಿಗೆ ಕಡಿಮೆ. ಸುತ್ತ ಎಲ್ಲರೂ ಮೇಲೆ ಹೋಗುತ್ತಿರುವಾಗ ತಾನು ನಿಂತಲ್ಲೇ ನಿಂತಿದ್ದೇನೆ ಅನ್ನಿಸುವುದೇ ದೊಡ್ಡ ನೋವು.

ಅದರ ಮೇಲೆ ನಿಮ್ಮ ಮಗಳಿಗೆ ಇನ್ನೊಂದು ಪೆಟ್ಟು ಬಿದ್ದಿದೆ. ಬೇರೆಯವರ ಮನೆ ಅಳೆಯಲು ಕೊಟ್ಟ ಪಟ್ಟಿಯನ್ನು ಅವಳು ಒಬ್ಬಳೇ ಕೂತು, ಯಾರಿಗೂ ಹೇಳದೆ, ತನ್ನ ಮನೆಯ ಮೇಲೆ ಇಟ್ಟಳು. ಉತ್ತರ ಇಂಗ್ಲಿಷಿನಲ್ಲಿ, ಪಠ್ಯಪುಸ್ತಕದ ಅಧಿಕಾರದಲ್ಲಿ ಬಂತು. ಅದನ್ನು ವಿವರಿಸಿ ಹೇಳುವವರು ಪಕ್ಕದಲ್ಲಿ ಯಾರೂ ಇರಲಿಲ್ಲ. ಅವಳು ಬರೆದದ್ದು ಪೆನ್ಸಿಲಿನಲ್ಲಿ, ಕೊನೆಯ ಪುಟದಲ್ಲಿ. ಅಳಿಸಿ ಹಾಕಬೇಕು ಎಂದು ಅನ್ನಿಸಿರಬಹುದು, ಅಳಿಸಲೂ ಆಗಿಲ್ಲ. ಇಪ್ಪತ್ತರ ಆಸುಪಾಸಿನ ಹುಡುಗಿ ಹೊರಲಾರದ ಭಾರ ಅದು.

ಹಾಗಾಗಿ ಬೈಯಬೇಡಿ. ಒಂದು ಸ್ಟೇಷನ್ ಮೊದಲೇ ಇಳಿಯುವುದನ್ನು, ಫೋನಿನಲ್ಲಿ ಹೇಳಿದ ಸುಳ್ಳನ್ನು ಎತ್ತಿ ಆಡಬೇಡಿ. ಸಿಕ್ಕಿಬಿದ್ದೆ ಅನ್ನಿಸಿದರೆ ಅವಳು ಇನ್ನಷ್ಟು ಮುಚ್ಚಿಕೊಳ್ಳುತ್ತಾಳೆ. ಕಂಡರೂ ಕಾಣದವರಂತೆ ಇರುವುದೂ ಬೇಡ. ಈಗಾಗಲೇ ಮನೆಯಲ್ಲಿ ಮೂವರೂ ಅದನ್ನೇ ಮಾಡುತ್ತಿದ್ದೀರಿ.

ನಿಮಗೆ ರಜೆ ಇರುವ ದಿನ, ಊಟ ಆದ ಮೇಲೆ, ಹೆಂಡತಿಯೂ ಇರುವಾಗ ಅವಳ ಹತ್ತಿರ ಹೀಗೆ ಕೇಳಿ: ‘ಅಮ್ಮಾ, ನಿನ್ನ ಬುಕ್ಕಿನಲ್ಲಿ ಒಂದು ಲೆಕ್ಕ ನೋಡಿದೆ. ಅದು ಹೇಗೆ ಹಾಕೋದು, ನನಗೂ ಹೇಳಿಕೊಡು.’ ಇಷ್ಟೇ ಸಾಕು. ನೀವು ನೋಡಿದ್ದೀರಿ ಎಂದು ಅವಳಿಗೆ ಗೊತ್ತಾಗುತ್ತದೆ, ನೋಡಿಯೂ ಸಿಟ್ಟಾಗಿಲ್ಲ ಎಂದೂ ಗೊತ್ತಾಗುತ್ತದೆ. ಅವಳು ಅತ್ತರೆ ಅಳಲಿ, ಸಮಾಧಾನ ಮಾಡಲು ಅವಸರ ಬೇಡ. ಆಮೇಲೆ ಅವಳೇ ಮೂರು ಕಾಲಂ ವಿವರಿಸಲಿ. ಕಲಿತದ್ದನ್ನು ಅಪ್ಪ ಅಮ್ಮನಿಗೆ ಹೇಳಿಕೊಡುವಾಗ ಮಕ್ಕಳ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಟರ್ನರ್ ಆಗಿದ್ದಾಗ ಎಷ್ಟು ಅಂಕ ಬರುತ್ತಿತ್ತು ಎಂದು ಕೇಳಿ. ಅಮ್ಮನ ಕೆಲಸಕ್ಕೆ ಯಾಕೆ ಅಂಕ ಇಲ್ಲ ಎಂದು ಅಮ್ಮನೇ ಕೇಳಲಿ. ಈ ಪ್ರಶ್ನೆಗಳನ್ನು ಅವಳ ಕ್ಲಾಸಿನಲ್ಲಿ ಯಾರೂ ಕೇಳಿರಲಿಕ್ಕಿಲ್ಲ.

ಅದೇ ಮಾತಿನಲ್ಲಿ ನಿಮ್ಮ ಕಥೆಯನ್ನೂ ಹೇಳಿ. ಎಷ್ಟೋ ಮಕ್ಕಳಿಗೆ ತಮ್ಮ ಅಪ್ಪನ ಕೆಲಸದ ಹೆಸರು ಗೊತ್ತಿರುತ್ತದೆ, ಕೆಲಸ ಏನೆಂದು ಗೊತ್ತಿರುವುದಿಲ್ಲ. ಡ್ರಾಯಿಂಗ್ ನೋಡಿ ಜಾಬ್ ಸೆಟ್ ಮಾಡುವುದು ಹೇಗೆ, ಮೈಕ್ರೋಮೀಟರಿನಲ್ಲಿ ಒಂದು ಮಿಲಿಮೀಟರಿನ ನೂರನೇ ಒಂದು ಭಾಗ ಹೆಚ್ಚುಕಡಿಮೆಯಾದರೂ ಪೀಸ್ ಯಾಕೆ ರಿಜೆಕ್ಟ್ ಆಗುತ್ತದೆ, ಟೂಲ್ ಮೊಂಡಾಗಿರುವುದು ಲೇತಿನ ಸದ್ದಿನಲ್ಲೇ ಹೇಗೆ ತಿಳಿಯುತ್ತದೆ, ಇದೆಲ್ಲ ಅವಳಿಗೆ ಹೇಳಿ. ಮೈಕ್ರೋಮೀಟರ್ ಇನ್ನೂ ಮನೆಯಲ್ಲಿದ್ದರೆ ಅವಳ ಕೈಗೆ ಕೊಟ್ಟು ಒಂದು ತಲೆಕೂದಲು ಅಳೆಯಲು ಹೇಳಿ. ನಾಳೆ ಸಿರಿಂಜಿನಲ್ಲಿ ಒಂದು ಮಿಲಿಲೀಟರಿನ ಹತ್ತನೇ ಭಾಗವನ್ನು ಅಳೆಯಬೇಕಾದ ಹುಡುಗಿಗೆ ಆ ಎಚ್ಚರ ಎಲ್ಲಿಂದ ಬಂತು ಎಂದು ತಿಳಿಯಬೇಕು. ಈಗಿನ ಕೆಲಸದ ಬಗ್ಗೆಯೂ ಹೇಳಿ. ರಾತ್ರಿ ಆಂಬುಲೆನ್ಸ್ ಬಂದರೆ ಯಾವ ಬ್ಲಾಕಿಗೆ ಎಂದು ಓಡುವವರು ನೀವು, ಯಾವ ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇದ್ದಾರೆ ಎಂದು ಗೊತ್ತಿರುವವರೂ ನೀವು.

ದುಡ್ಡಿನ ಮಾತನ್ನೂ ಬಚ್ಚಿಡಬೇಡಿ. ಫೀಸಿಗೆ ಏನು ಮಾಡಿದಿರಿ, ಸಾಲ ಎಷ್ಟಿದೆ, ಎಂದಿಗೆ ತೀರುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಮೂವರೂ ಕೂತು ಬರೆಯಿರಿ. ಗೊತ್ತಿಲ್ಲದ ಸಾಲ ಮಕ್ಕಳ ಮನಸ್ಸಿನಲ್ಲಿ ಇದ್ದದ್ದಕ್ಕಿಂತ ದೊಡ್ಡದಾಗಿ ಬೆಳೆಯುತ್ತದೆ. ಹಾಗೆಯೇ, ಬಾಕಿ ಕೇಳುವುದು ಎಂದೆನಲ್ಲ, ಅದನ್ನೂ ಮಾಡಿ. ನಿಮ್ಮ ಹೆಂಡತಿಯ ಫ್ಯಾಕ್ಟರಿ ಕಾರ್ಮಿಕ ಕಲ್ಯಾಣ ನಿಧಿಗೆ ವಂತಿಗೆ ಕಟ್ಟುತ್ತಿದ್ದರೆ, ಸಂಘಟಿತ ವಲಯದ ಕಾರ್ಮಿಕರ ಮಕ್ಕಳ ಓದಿಗೆ ಕರ್ನಾಟಕ ಕಾರ್ಮಿಕ ಕಲ್ಯಾಣ ಮಂಡಳಿ ಕೊಡುವ ಶೈಕ್ಷಣಿಕ ಧನಸಹಾಯಕ್ಕೆ ಅರ್ಜಿ ಹಾಕಬಹುದು. ವೇತನದ ಮಿತಿ, ಅಂಕದ ಷರತ್ತು ಇರುತ್ತವೆ. ಫ್ಯಾಕ್ಟರಿಯ ಎಚ್‌ಆರ್ ಹತ್ತಿರ ವಿಚಾರಿಸಲಿ. ರಾಜ್ಯದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಆ ಕೆಲಸ ಮಗಳಿಗೇ ವಹಿಸಿ. ಅದು ದಾನ ಅಲ್ಲ, ದುಡಿದವರ ಪಾಲು. ಅರ್ಜಿ ತುಂಬುವಾಗ ಅಪ್ಪನ ಕೆಲಸದ ಜಾಗದಲ್ಲಿ ನಿಜ ಬರೆಯುವುದು ಅವಳಿಗೆ ಅಭ್ಯಾಸವಾಗುತ್ತದೆ.

ಈಗ ನಿಮ್ಮ ಬಗ್ಗೆ ಒಂದು ಮಾತು, ನೋಯಿಸಲು ಹೇಳುತ್ತಿಲ್ಲ. ಪೇರೆಂಟ್ಸ್ ಮೀಟಿಂಗ್ ದಿನ ಡ್ಯೂಟಿ ಇದೆ ಎಂದಿರಿ, ಇರಲಿಲ್ಲ ಎಂದು ನೀವೇ ಬರೆದಿದ್ದೀರಿ. ಮಗಳು ಗೆಳತಿಯರ ಮುಂದೆ ಮರೆಮಾಚುವುದನ್ನೇ ನೀವು ಮಗಳ ಮುಂದೆ ಮಾಡಿದಿರಿ. ಫ್ಯಾಕ್ಟರಿ ಮುಚ್ಚಿದಾಗ ನಿಮಗೆ ಆದ ಗಾಯವನ್ನು ಯಾರೂ ನೋಡಿಲ್ಲ, ನೀವೂ ತೋರಿಸಿಲ್ಲ. ಮಕ್ಕಳು ಮನೆಯಲ್ಲಿ ಯಾವುದಕ್ಕೆ ನಾಚಿಕೆಪಡಬೇಕು ಎಂದು ಕಲಿಯುವುದು ಮಾತಿನಿಂದಲ್ಲ, ದೊಡ್ಡವರು ಯಾವುದನ್ನು ಬಚ್ಚಿಡುತ್ತಾರೆ ಎಂದು ನೋಡಿ. ಮುಂದಿನ ಮೀಟಿಂಗಿಗೆ ನೀವು ಹೋಗಿ. ಟೀಚರ್ ಕೇಳಿದರೆ, ‘ಟರ್ನರ್ ಆಗಿದ್ದೆ, ಫ್ಯಾಕ್ಟರಿ ಮುಚ್ಚಿತು, ಈಗ ಸೆಕ್ಯೂರಿಟಿಯಲ್ಲಿದ್ದೇನೆ’ ಎಂದು ಹೇಳಿ. ಒಂದೇ ಉಸಿರಿನಲ್ಲಿ, ತಲೆ ಎತ್ತಿ. ಮೊದಲ ಸಲ ಕಷ್ಟ ಆಗುತ್ತದೆ. ಎರಡನೆಯ ಸಲ ಅಷ್ಟು ಆಗುವುದಿಲ್ಲ.

ಅಮೆರಿಕದ ನ್ಯಾನ್ಸಿ ಆಡ್ಲರ್ ಎಂಬ ಮನಃಶಾಸ್ತ್ರಜ್ಞೆ ಹತ್ತು ಮೆಟ್ಟಿಲಿನ ಒಂದು ಏಣಿಯ ಚಿತ್ರ ಕೊಟ್ಟು, ಸಮಾಜದಲ್ಲಿ ನೀವು ಯಾವ ಮೆಟ್ಟಿಲಿನಲ್ಲಿದ್ದೀರಿ, ಗುರುತು ಹಾಕಿ ಎಂದು ಜನರನ್ನು ಕೇಳಿದರು. ತಾವು ಎಲ್ಲಿದ್ದೇವೆ ಎಂದು ಜನ ಸ್ವತಃ ನಂಬಿರುವ ಮೆಟ್ಟಿಲಿಗೂ ಅವರ ಆರೋಗ್ಯಕ್ಕೂ ಸಂಬಂಧ ಇರುವುದು ಕಂಡಿತು. ಸಂಬಳ ಏರುವುದು ನಮ್ಮ ಕೈಯಲ್ಲಿ ಪೂರ್ತಿ ಇಲ್ಲ. ಆದರೆ ಮನೆಯೊಳಗೆ ಒಬ್ಬರನ್ನೊಬ್ಬರು ಯಾವ ಮೆಟ್ಟಿಲಲ್ಲಿ ನಿಲ್ಲಿಸುತ್ತೀರಿ ಎಂಬುದು ನಿಮ್ಮ ಮೂವರ ಕೈಯಲ್ಲಿದೆ. ಹೆಂಡತಿಯ ಕೆಲಸವನ್ನು ಮಗಳ ಎದುರು ಹೊಗಳಿ. ಮಗಳು ಕಲಿತದ್ದನ್ನು ಕೇಳಿ. ನಿಮ್ಮ ದಿನದ ಬಗ್ಗೆ ನೀವೂ ಹೇಳಿ.

ಇಷ್ಟು ಮಾಡಿಯೂ ಮಗಳು ಊಟ ಬಿಡುವುದು, ನಿದ್ದೆ ಮಾಡದಿರುವುದು, ಕಾಲೇಜಿಗೆ ಹೋಗಲು ಹಿಂಜರಿಯುವುದು, ಬದುಕಿ ಏನು ಪ್ರಯೋಜನ ಎನ್ನುವಂಥ ಮಾತಾಡುವುದು ಕಂಡರೆ ಕಾಯಬೇಡಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮಗೇ ಮಾತಾಡಬೇಕು ಅನ್ನಿಸಿದರೂ ಅದೇ ನಂಬರ್.

ಈ ಪುಟವನ್ನು ನಿಮ್ಮ ಮಗಳಿಗೂ ಓದಲು ಕೊಡಿ. ಮುಂದಿನ ಮಾತು ಅವಳಿಗೆ.

ಮಗೂ, ನೀನು ನಿನ್ನ ಮನೆಗೆ ಅಂಕ ಹಾಕಿದ್ದು ತಪ್ಪಲ್ಲ. ಸರಿಯಾಗಿಯೇ ಹಾಕಿದ್ದೀಯ. ಆ ಸ್ಕೇಲಿನ ಒಳಗೆ ನಿಂತು ಅದನ್ನು ನೋಡಿದವಳು ನೀನು; ನಿನ್ನ ಕ್ಲಾಸಿನಲ್ಲಿ ಬಹುಪಾಲು ಮಂದಿ ಹೊರಗಿನಿಂದ ಮಾತ್ರ ನೋಡಿರುತ್ತಾರೆ. ನಾಳೆ ಯಾವುದೋ ಬೀದಿಯಲ್ಲಿ ಒಬ್ಬ ತಾಯಿಯ ಎದುರು ಕೂತು, ‘ನಿಮ್ಮ ಯಜಮಾನ್ರು ಏನ್ ಕೆಲಸ ಮಾಡ್ತಾರೆ, ತಿಂಗಳಿಗೆ ಎಷ್ಟು ಬರುತ್ತೆ’ ಎಂದು ನೀನು ಕೇಳಬೇಕಾಗುತ್ತದೆ. ಆಕೆ ಉತ್ತರ ಹೇಳುವ ಮೊದಲು ಒಂದು ಕ್ಷಣ ತಡವರಿಸುತ್ತಾಳೆ. ಆ ತಡವರಿಕೆ ಯಾಕೆ ಎಂದು ನಿನಗೆ ಗೊತ್ತು. ಪೆನ್ನು ಕೆಳಗಿಟ್ಟು, ಈ ಪ್ರಶ್ನೆ ಯಾಕೆ ಕೇಳುತ್ತಿದ್ದೇನೆ, ಇದರಿಂದ ನಿಮಗೆ ಏನು ಸಹಾಯ ಆಗಬಹುದು ಎಂದು ಮೊದಲು ಹೇಳು. ಪಕ್ಕದ ಮನೆಯವರಿಗೆ ಕೇಳಿಸದ ಹಾಗೆ ಕೇಳು. ಬರೆದದ್ದನ್ನು ಆಕೆ ಕೇಳಿದರೆ ಓದಿ ಹೇಳು. ಯಜಮಾನರ ಕಾಲಂ ತುಂಬಿದ ಮೇಲೆ, ಆಕೆಯ ಓದು, ಆಕೆಯ ಕೆಲಸವನ್ನೂ ಕೇಳಿ ಪುಟದ ಅಂಚಿನಲ್ಲಿ ಬರೆದುಕೋ. ಸ್ಕೇಲಿಗೆ ಅದು ಬೇಕಿಲ್ಲ, ಆದರೆ ಆ ಮನೆಯ ಮಗುವಿಗೆ ಹೇಗೆ ಆರೈಕೆ ಮಾಡಬೇಕು ಎಂದು ತೀರ್ಮಾನಿಸುವ ನಿನಗೆ ಬೇಕು.

ಮೈಸೂರಿನ ಆ ಪ್ರಾಧ್ಯಾಪಕರ ಪಟ್ಟಿ ಇಷ್ಟು ವರ್ಷ ಉಳಿದು ಬಂದಿರುವುದು ನಿನ್ನಂಥ ಸಾವಿರಾರು ವಿದ್ಯಾರ್ಥಿಗಳ ಕೈಯಲ್ಲಿ. ಅದು ಜನರನ್ನು ವಿಂಗಡಿಸುವ 29 ಅಂಕದ ಕಾಗದವಾಗಿ ಉಳಿಯುತ್ತದೋ, ಯಾರಿಗೆ ಏನು ಬಾಕಿ ಇದೆ ಎಂದು ಕೇಳುವ ದಾರಿಯಾಗುತ್ತದೋ ಎಂಬುದು ಆ ಪಟ್ಟಿ ಹಿಡಿದು ಮನೆಬಾಗಿಲಿಗೆ ಹೋಗುವವರನ್ನು ಅವಲಂಬಿಸಿದೆ. ಟರ್ನರ್ ಅಪ್ಪನ, ಟೈಲರ್ ಅಮ್ಮನ ಮಗಳು ಆ ಕೆಲಸವನ್ನು ಚೆನ್ನಾಗಿ ಮಾಡುತ್ತಾಳೆ ಎಂದು ನನಗೆ ಪೂರ್ತಿ ನಂಬಿಕೆ ಇದೆ.